ಆಲೂಗಡ್ಡೆ ಹೊಲದ ಕೆಳಗಿನ ಕಣಿವೆ

ಸ್ಪ್ರೂಸ್ ಹಿಲ್ ಗಣಿ ಕೇರಿ, ಉತ್ತರ ಮಿಷಿಗನ್
ಅಕ್ಟೋಬರ್ 10, 1923

ವಿಲ್ಹೊ ಭಾವನವರಿಗೆ,

ನಾನು ಐಲಿ, ನಿಮ್ಮ ತಮ್ಮ ಸುಲೊನ ಹೆಂಡತಿ. ನೀವು ನನ್ನನ್ನು ನೋಡಿಲ್ಲ. ನಮ್ಮ ಮದುವೆಗೆ ನೀವು ಕಳಿಸಿದ ಕಾರ್ಡಿನ ಮೇಲಿದ್ದ ಕಚೇರಿಯ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ಅತ್ತೆಗೆ ತಿಳಿಸಿಲ್ಲ. ನಿಮ್ಮ ಹೆಸರು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲವೆಂದು ನಿಮಗೆ ಗೊತ್ತೇ ಇದೆ.

ಸೋಮವಾರ ಹಗಲಿನ ಪಾಳಿಯಲ್ಲಿ ಗಣಿಯೊಳಗೆ ಮರಳು ನುಗ್ಗಿತು. ಏಳು ಜನ ಮೇಲೆ ಬರಲಿಲ್ಲ. ಸುಲೊ ಬರಲಿಲ್ಲ.

ತಪ್ಪಿಸಿಕೊಂಡು ಬಂದವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಮೊದಲನೆಯ ಅಂತಸ್ತಿನಲ್ಲಿ ಪೂರ್ವಕ್ಕೆ ಹೋಗುವ ಸುರಂಗದ ನೆತ್ತಿಯಿಂದ ಯಾವಾಗಲೂ ಸ್ವಲ್ಪ ನೀರು ತೊಟ್ಟಿಕ್ಕುತ್ತಿತ್ತಂತೆ. ಅವತ್ತು ಬೆಳಗ್ಗೆ ಆ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಊಟಕ್ಕೆ ಕೂತಿದ್ದಾಗ ಒಳಗಿನಿಂದ ಗಾಳಿ ಬೀಸಿ ಎಲ್ಲರ ದೀಪವೂ ಆರಿತು. ಗಾಳಿಯ ಬೆನ್ನಿಗೇ ಮರಳು ಬಂತು. ರೈ ಹಿಟ್ಟಿನ ಗಂಜಿಯಷ್ಟು ದಪ್ಪ, ಹಿಮದಷ್ಟು ತಣ್ಣಗೆ. ಅದರ ಜೊತೆ ಮೊಟ್ಟೆಯ ಹಾಗೆ ನುಣುಪಾದ ಉರುಟು ಕಲ್ಲುಗಳು. ಗಣಿಗೆ ಇಳಿಯುವ ಬಾವಿಯ ಕಡೆ ಇದ್ದವರು ಏಣಿ ಹತ್ತಿದರು. ಸುರಂಗದ ತುದಿಯ ಕಡೆ ಇದ್ದ ಏಳು ಜನ ಆಚೆಯೇ ಉಳಿದರು.

ನಿನ್ನೆ ಸಂಜೆ ಕಂಪನಿಯವರು ಸುರಂಗದ ಬಾಯಿಗೆ ಕಾಂಕ್ರೀಟಿನ ಗೋಡೆ ಕಟ್ಟಿದರು. ಗೋಡೆ ಇಲ್ಲದಿದ್ದರೆ ಕೆಳಗಿನ ಅಂತಸ್ತುಗಳೂ ಮುಳುಗುತ್ತವೆ, ಅಲ್ಲಿ ಕೆಲಸ ಮಾಡುವವರೂ ಸಾಯುತ್ತಾರೆ ಎಂದರು. ಆಚೆ ಜೀವಂತ ಯಾರೂ ಇರಲು ಸಾಧ್ಯವಿಲ್ಲ ಎಂದರು. ಆದರೆ ಕೊಳವೆ ಕೆಲಸದ ಇವರ್ ಲಿಂಡ್ ನನ್ನ ಅಡುಗೆಮನೆಯಲ್ಲಿ ಕೂತು ಬೇರೆಯೇ ಹೇಳಿದ. ಗೋಡೆ ಏಳುವ ಮುಂಚೆ ಗಾಳಿಯ ಕೊಳವೆಯಲ್ಲಿ ಕುಟ್ಟುವ ಸದ್ದು ಬರುತ್ತಿತ್ತಂತೆ. ಬರುವುದು, ನಿಲ್ಲುವುದು, ಮತ್ತೆ ಬರುವುದು. ಮರದ ತೊಲೆಗಳು ಕುಸಿಯುವ ಸದ್ದು ಎಂದು ಅವನ ಬಾಯಿ ಮುಚ್ಚಿಸಿದರಂತೆ.

ಆ ಸುರಂಗದ ಮೇಲಿರುವ ಕೊರ್ಪಿಯವರ ಆಲೂಗಡ್ಡೆ ಹೊಲದಲ್ಲಿ ಒಂದು ಗುಂಡಿ ಬಿದ್ದಿದೆ. ಹುಲ್ಲಿನ ಮೆದೆಯೊಂದು ಪೂರ್ತಿ ಒಳಗೆ ಹೋಯಿತು. ಗುಂಡಿಯ ಅಂಚಿನಲ್ಲಿ ನೀಲಿ ಜೇಡಿಮಣ್ಣು ಕಾಣುತ್ತದೆ. ಅಲ್ಲಿ ಕೆರೆ ಇಲ್ಲ, ಹೊಳೆ ಇಲ್ಲ. ಒಣ ಹೊಲದ ಕೆಳಗಿನಿಂದ ಅಷ್ಟು ನೀರು ಎಲ್ಲಿಂದ ಬಂತು? ನೀವು ನೆಲದ ವಿದ್ಯೆ ಓದಿದವರು. ಕುಟ್ಟಿದ್ದು ಸುಲೊ ಆಗಿರಬಹುದೇ? ಇಷ್ಟಕ್ಕೆ ಉತ್ತರ ಕೊಡಿ. ಬೇರೆ ಏನೂ ಕೇಳುವುದಿಲ್ಲ.

ಐಲಿ ರಾಂಟಾ


ಮಿನೆಸೋಟ
ಅಕ್ಟೋಬರ್ 13

ಪ್ರೀತಿಯ ಐಲಿ,

ನಿನ್ನ ಪತ್ರವನ್ನು ಕಚೇರಿಯವರು ಕೂಡಲೇ ಇಲ್ಲಿಗೆ ಕಳಿಸಿದರು. ಇಲ್ಲಿಗೆ ಎಂದರೆ ಕ್ಷಯದ ಆಸ್ಪತ್ರೆಗೆ. ಫೆಬ್ರವರಿಯಿಂದ ಇಲ್ಲಿದ್ದೇನೆ. ಪೈನ್ ಮರಗಳ ನಡುವೆ ಒಂದು ತೆರೆದ ಜಗುಲಿ, ಅದರ ಉದ್ದಕ್ಕೂ ಹಾಸಿಗೆ. ಎದ್ದು ಕೂರಲು ದಿನಕ್ಕೆ ಸ್ವಲ್ಪ ಹೊತ್ತು ಬಿಡುತ್ತಾರೆ, ನಡೆಯಲು ಬಿಡುವುದಿಲ್ಲ. ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ರೈಲು ಹತ್ತುತ್ತಿದ್ದೆ. ಅಮ್ಮನಿಗೆ ಹೇಳಬೇಡ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಉರುಟು ಕಲ್ಲು, ಬೂದು ಮರಳು, ಮೇಲೆ ನೀಲಿ ಜೇಡಿ ಎಂದು ಬರೆದಿದ್ದೀಯ. ಹಾಗಾದರೆ ಸುರಂಗ ಒಂದು ಹೂತುಹೋದ ಕಣಿವೆಯ ಪಕ್ಕೆಯನ್ನು ಒಡೆದಿದೆ.

ಒಂದು ಕಾಲದಲ್ಲಿ ನಮ್ಮ ಊರಿನ ಮೇಲೆ ಮಂಜುಗಡ್ಡೆ ಇತ್ತು. ಗಣಿಯ ಬಾವಿಯ ಆಳವನ್ನು ಹತ್ತು ಸಲ ಒಂದರ ಮೇಲೊಂದು ನಿಲ್ಲಿಸಿದರೂ ಅದರ ನೆತ್ತಿ ಸಿಗುತ್ತಿರಲಿಲ್ಲ. ಅದರ ತಳದಲ್ಲಿ ಕರಗಿದ ನೀರು ಸಿಕ್ಕಿಬಿದ್ದಿತ್ತು. ಮೇಲಿನ ಭಾರ ಎಷ್ಟೆಂದರೆ ಆ ನೀರಿಗೆ ನೆಲದ ಇಳಿಜಾರಿನ ಹಂಗೇ ಇರಲಿಲ್ಲ. ಭಾರ ಕಡಿಮೆ ಇರುವ ಕಡೆ ಹರಿಯುತ್ತಿತ್ತು. ಅದಕ್ಕಾಗಿ ಗುಡ್ಡ ಹತ್ತುವುದಿದ್ದರೂ ಹತ್ತುತ್ತಿತ್ತು. ಹೋಗುತ್ತಾ ಕಲ್ಲುಮರಳನ್ನು ಹೊತ್ತುಕೊಂಡು ಬಂಡೆಯನ್ನೇ ಕೊರೆಯಿತು. ಹೀಗೆ ಆದ ಕಣಿವೆ ಹೊಳೆಯ ಕಣಿವೆಯ ಹಾಗಿರುವುದಿಲ್ಲ. ತಳ ಒಮ್ಮೆ ಆಳಕ್ಕೆ ಹೋಗಿ ಒಮ್ಮೆ ಮೇಲೇರುತ್ತದೆ. ಎಲ್ಲಿಂದಲೋ ತಟ್ಟನೆ ಶುರುವಾಗಿ ಎಲ್ಲೋ ತಟ್ಟನೆ ನಿಂತುಬಿಡುತ್ತದೆ.

ಮಂಜು ತೆಳುವಾದಂತೆ ನೀರಿನ ಕಸುವು ಕುಂದಿತು. ಹೊತ್ತದ್ದನ್ನು ಅಲ್ಲೇ ಇಳಿಸಿತು. ಮೊದಲು ದೊಡ್ಡ ಕಲ್ಲು, ಆಮೇಲೆ ಜಲ್ಲಿ, ಆಮೇಲೆ ಮರಳು. ಕೊನೆಗೆ ಮಂಜಿನ ಅಂಚಿನಲ್ಲಿ ನಿಂತ ಕೆರೆಯ ತಿಳಿನೀರಿನಿಂದ ಜೇಡಿ, ಪದರದ ಮೇಲೆ ಪದರ. ಕಣಿವೆ ಕಂಠದವರೆಗೆ ತುಂಬಿ ಸಮನಾಯಿತು. ಹುಲ್ಲು ಬಂತು, ಬರ್ಚ್ ಮರ ಬಂತು, ಕೊರ್ಪಿ ಬಂದು ಆಲೂಗಡ್ಡೆ ಹಾಕಿದ. ಕೆಳಗಿನ ಮರಳಿನಲ್ಲಿ ನೀರು ಮಾತ್ರ ಹಾಗೇ ಇದೆ, ಜೇಡಿಯ ಮುಚ್ಚಳದ ಅಡಿಯಲ್ಲಿ.

ಇದನ್ನು ನನ್ನ ಗುರುಗಳೇ ಪೂರ್ತಿ ಒಪ್ಪಿರಲಿಲ್ಲ. ಆದರೂ ಈಗ ನೀನು ಮಾಡಬೇಕಾದ್ದು ಇಷ್ಟು. ಸುರಂಗದ ತುದಿಯಲ್ಲಿ ಏನಿತ್ತು, ಅದು ಏರುತ್ತಿತ್ತೋ ಇಳಿಯುತ್ತಿತ್ತೋ ಕೇಳು. ಆಮೇಲೆ ಸುತ್ತಲಿನ ಪ್ರತಿ ಮನೆಗೆ ಹೋಗಿ ಅವರ ಬಾವಿಯಲ್ಲಿ ಎಷ್ಟು ಅಡಿಗೆ ಬಂಡೆ ಸಿಕ್ಕಿತು ಎಂದು ಕೇಳು. ಸಿಗಲೇ ಇಲ್ಲ ಎಂದವರನ್ನು ಬಿಡದೆ ಬರೆದುಕೋ. ಕಣಿವೆ ಅಗಲ ಕಡಿಮೆಯಿದ್ದು, ಸುರಂಗ ಅದನ್ನು ದಾಟಿ ಆಚೆಯ ಬಂಡೆಗೆ ಹೋಗಿದ್ದರೆ, ಆಚೆ ಗಾಳಿ ಇರಬಹುದು.

ಕುಟ್ಟಿದ್ದು ತೊಲೆಯಲ್ಲ. ತೊಲೆ ಕುಸಿದರೆ ಬಿಟ್ಟು ಬಿಟ್ಟು ಕುಟ್ಟುವುದಿಲ್ಲ.

ವಿಲ್ಹೊ


ಸ್ಪ್ರೂಸ್ ಹಿಲ್
ಅಕ್ಟೋಬರ್ 16

ಭಾವ,

ಪತ್ರ ಬಂದ ಗಳಿಗೆಯಿಂದ ನಡೆಯುತ್ತಲೇ ಇದ್ದೇನೆ. ಜನ ನನ್ನನ್ನು ನೋಡಿ ಮೊದಲು ಕಾಫಿ ಇಡುತ್ತಾರೆ, ಆಮೇಲೆ ಅಳುತ್ತಾರೆ. ಬಾವಿಯ ಆಳ ಕೇಳಿದಾಗ ಪಾಪ ತಲೆ ಕೆಟ್ಟಿದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆದರೂ ಹೇಳುತ್ತಾರೆ.

ಕೊರ್ಪಿಯವರ ಮನೆಬಾವಿ ತೊಂಬತ್ತು ಅಡಿ, ಬಂಡೆ ಸಿಕ್ಕಿಲ್ಲ, ಎಲ್ಲಾ ಮರಳು. ಶಾಲೆಯದೂ ಹಾಗೇ, ಅಲ್ಲಿ ನೂರು ದಾಟಿದರೂ ಸಿಗಲಿಲ್ಲವಂತೆ. ಇವೆರಡೂ ಉತ್ತರ ದಕ್ಷಿಣವಾಗಿ ಒಂದೇ ಗೆರೆಯಲ್ಲಿವೆ. ಗೆರೆಯ ಪೂರ್ವಕ್ಕೆ ಗುಡ್ಡದ ಬುಡದಲ್ಲಿರುವ ಬ್ರೂನಿಯವರ ಬಾವಿಗೆ ಎಂಟು ಅಡಿಗೇ ಬಂಡೆ. ಉತ್ತರದಲ್ಲಿ ಹಬೆಸ್ನಾನದ ಸೌನಾ ಮನೆಯ ಹತ್ತಿರವೂ ಬಂಡೆ ಮೇಲೆಯೇ ಇದೆ. ದಕ್ಷಿಣದಲ್ಲಿ ಚರ್ಚಿನ ಬಾವಿಗೆ ಹತ್ತಡಿ. ಅಂಗೈಯಗಲದ ನಕ್ಷೆ ಒಂದು ಹಾಕಿ ಇದರ ಜೊತೆ ಇಟ್ಟಿದ್ದೇನೆ.

ಸುರಂಗ ಪೂರ್ವಕ್ಕೆ ಸ್ವಲ್ಪ ಏರಿಕೊಂಡು ಹೋಗುತ್ತದಂತೆ, ನೀರು ಬಾವಿಯ ಕಡೆ ಹರಿಯಲಿ ಎಂದು. ತುದಿಯಲ್ಲಿ ಮೇಲಕ್ಕೆ ಚಿಮಣಿಯ ಹಾಗೆ ಒಂದು ಕಂಡಿ ಕೊರೆದಿದ್ದರು, ಐವತ್ತು ಅಡಿ ಎತ್ತರಕ್ಕೆ, ಏಣಿ ಸಮೇತ. ಸುಲೊ ಹೋದ ತಿಂಗಳು ಇದನ್ನೇ ಹೇಳುತ್ತಿದ್ದ, ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಆ ಕಂಡಿ ಬ್ರೂನಿಯವರ ಹಿತ್ತಲಿನ ನೇರ ಕೆಳಗೆ ಬರಬೇಕು.

ಗಣಿಯ ಕೆಲಸ ನೋಡಿಕೊಳ್ಳುವ ಕ್ಯಾಪ್ಟನ್ ಪೆಂಗಲ್ಲಿಯ ಮನೆಗೆ ಹೋಗಿ ಫಿನ್ನಿಷಿನಲ್ಲಿದ್ದ ನಿಮ್ಮ ಪತ್ರವನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಆತ ಕೆಟ್ಟವನಲ್ಲ. ನಿಮ್ಮ ಅಪ್ಪ ಸತ್ತಾಗಲೂ ಹೆಗಲು ಕೊಟ್ಟವನಂತೆ. ಇದೆಲ್ಲಾ ಊಹೆ, ಊಹೆಯ ಮೇಲೆ ಕಂಪನಿಯವರು ಕೊರೆಯುವ ಯಂತ್ರ ಕೊಡಲಾರರು ಎಂದ. ನಾನು ಎದ್ದು ಬಾಗಿಲಲ್ಲಿ ನಿಂತೆ.

"ಕ್ಯಾಪ್ಟನ್, ಕೊಳವೇಲಿ ಸದ್ದು ನೀವೂ ಕೇಳಿದ್ರಾ ಇಲ್ವಾ, ಅಷ್ಟು ಹೇಳ್ಬಿಡಿ. ನಾನ್ ಹೋಗ್ತೀನಿ."

ಆತ ತನ್ನ ಪೈಪನ್ನು ಮೇಜಿನ ಮೇಲಿಟ್ಟ. ಎದ್ದು ಕೋಟು ಹಾಕಿಕೊಂಡ. ಎಲ್ಲಿ ಕೊರೆಯಬೇಕು ಎಂದು ನಿಮ್ಮನ್ನು ಕೇಳಿ ಬರೆಸು ಎಂದ. ನಾಳೆ ಯಂತ್ರ ಹೊರಡಿಸುತ್ತಾನಂತೆ. ಬೇಗ ಬರೆಯಿರಿ. ಒಳಗಿರುವವರಿಗೆ ಊಟದ ಡಬ್ಬಿಯಲ್ಲಿದ್ದುದು ಬಿಟ್ಟು ಏನೂ ಇಲ್ಲ.

ಐಲಿ


ಮಿನೆಸೋಟ
ಅಕ್ಟೋಬರ್ 18

ಐಲಿ,

ನಿನ್ನ ನಕ್ಷೆ ನನ್ನ ಹೊದಿಕೆಯ ಮೇಲೆ ಹರಡಿದೆ. ಪೂರ್ವದ ಬಂಡೆ ಎಲ್ಲಿ ಏಳುತ್ತದೆ ಎಂಬುದೇ ಪ್ರಶ್ನೆ. ಬ್ರೂನಿಯವರ ಹಿತ್ತಲಿನ ಪಶ್ಚಿಮದ ಬೇಲಿಯ ಹತ್ತಿರ ಕೊರೆಯಲಿ. ಅಲ್ಲಿ ಮರಳು ಸಿಕ್ಕರೆ ಕಣಿವೆ ನಾನು ಅಂದುಕೊಂಡದ್ದಕ್ಕಿಂತ ಅಗಲ ಎಂದು ಅರ್ಥ. ಆಗ ಕೂಡಲೇ ಯಂತ್ರವನ್ನು ಗುಡ್ಡದ ಕಡೆ ಸರಿಸಲಿ, ಅಂಜಬೇಡಿ. ಬಂಡೆಯೊಳಗೆ ಸುಮಾರು ತೊಂಬತ್ತು ಅಡಿ ಹೋದರೆ ಕಂಡಿಯ ನೆತ್ತಿ ಸಿಗಬೇಕು.

ರೈಲಿನ ಟಪಾಲು ಚೀಲ ಹೊರಡುತ್ತಿದೆ. ದಾದಿ ನಿಂತಿದ್ದಾಳೆ.

ವಿಲ್ಹೊ


ತಂತಿ
ಅಕ್ಟೋಬರ್ 19
ಕ್ಯಾಪ್ಟನ್ ಪೆಂಗಲ್ಲಿ, ಸ್ಪ್ರೂಸ್ ಹಿಲ್ ಗಣಿ

ಕಂಡಿ ಮುಟ್ಟುವ ಮುನ್ನ ನಿಲ್ಲಿಸಿ. ಒಳಗೆ ಒತ್ತಿಕೊಂಡ ಗಾಳಿಯೇ ನೀರನ್ನು ತಡೆದಿದೆ. ರಂಧ್ರ ತೆರೆದರೆ ಗಾಳಿ ಹೊರಟು ನೀರು ಏರಿ ಎಲ್ಲರೂ ಮುಳುಗುತ್ತಾರೆ. ಮೊದಲು ಕೊಳವೆ ಕೂರಿಸಿ ಸಿಮೆಂಟು ಹಾಕಿ. ಕವಾಟ ಬಿಗಿದು ಮೇಲಿನಿಂದ ಗಾಳಿ ಒತ್ತಿ ಆಮೇಲೆ ಒಡೆಯಿರಿ. ಇದನ್ನು ಪತ್ರದಲ್ಲಿ ಬರೆಯಲು ಮರೆತೆ. ದಯವಿಟ್ಟು.
ರಾಂಟಾ


ಸ್ಪ್ರೂಸ್ ಹಿಲ್
ಅಕ್ಟೋಬರ್ 24

ಭಾವ,

ತಂತಿ ಸಿಕ್ಕಿತು. ಸ್ಟೇಷನ್ನಿನವನು ಸೈಕಲ್ಲಿನಲ್ಲಿ ಬಂದು ಕೆಸರಿನಲ್ಲಿ ಬಿದ್ದು ಎದ್ದು ಕೊಟ್ಟ. ಕ್ಯಾಪ್ಟನ್ ಓದಿ ಟೋಪಿ ತೆಗೆದು ಕಲ್ಲಿನ ಮೇಲೆ ಕೂತುಬಿಟ್ಟ.

ಮೊದಲ ರಂಧ್ರಕ್ಕೆ ನಲವತ್ತು ಅಡಿಗೇ ಮರಳು ಸಿಕ್ಕಿತ್ತು. ನೋಡಲು ನಿಂತಿದ್ದವರಲ್ಲಿ ಅರ್ಧ ಜನ ಮನೆಗೆ ಹೊರಟರು. ನೀವು ಹೇಳಿದ ಹಾಗೆ ಗುಡ್ಡದ ಕಡೆ ಸರಿಸಿದರು. ಬ್ರೂನಿಯವರ ಕೋಳಿಗೂಡು ಕಿತ್ತು ಅಲ್ಲೇ ಯಂತ್ರ ನಿಲ್ಲಿಸಿದರು. ಆಮೇಲೆ ಹಗಲು ರಾತ್ರಿ ಬಂಡೆ. ಆ ಯಂತ್ರದ ಸದ್ದು ನಿಂತಾಗಲೆಲ್ಲಾ ಇಡೀ ಕೇರಿ ಬಾಗಿಲಿಗೆ ಬರುತ್ತಿತ್ತು. ಇವರ್ ಲಿಂಡ್ ಕೊಳವೆ ಕೂರಿಸಿ, ಎರಡು ಕವಾಟ ಬಿಗಿದು, ಗಾಳಿಯ ಯಂತ್ರ ಜೋಡಿಸಿದ. ಕೊನೆಯ ಅಡಿ ಒಡೆದಾಗ ಕವಾಟದೊಳಗೆ ಕೆಟಲ್ ಕುದಿಯುವ ಹಾಗೆ ಸದ್ದಾಯಿತು. ಗಾಳಿ ಹೊರಗೆ ಹೋಗದೆ ಒಳಗೇ ನಿಂತಿತು. ಕ್ಯಾಪ್ಟನ್ ಸುತ್ತಿಗೆಯಿಂದ ಕೊಳವೆಗೆ ಕುಟ್ಟಿದ.

ಕೆಳಗಿನಿಂದ ಕುಟ್ಟಿದರು.

ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರು ಕೈಚೀಲದಿಂದ ಸುಲೊನ ಒಣ ಕಾಲುಚೀಲ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಈಗಲೇ ಹಾಕಿಸುವವರ ಹಾಗೆ.

ಗಣಿಯವರ ಸಂಕೇತದಲ್ಲಿ ಎಷ್ಟು ಜನ ಎಂದು ಕುಟ್ಟಿ ಕೇಳಿದ್ದಕ್ಕೆ ಮೂರು ಸಲ ಕುಟ್ಟಿದರು. ಏಳು ಮನೆಯವರು ಅಲ್ಲಿದ್ದೆವು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕವಾಟ ಒಂದನ್ನು ತೆರೆದು ಒಂದನ್ನು ಮುಚ್ಚಿ, ತಗಡಿನ ಸಣ್ಣ ನಳಿಗೆಯಲ್ಲಿ ಬೆಚ್ಚಗಿನ ಹಾಲು ದಾರಕ್ಕೆ ಕಟ್ಟಿ ಇಳಿಸಿದರು. ನಳಿಗೆ ವಾಪಸು ಬಂದಾಗ ಅದರಲ್ಲಿ ಗಣಿ ಕೆಲಸದವರ ಹಿತ್ತಾಳೆಯ ನಂಬರು ಬಿಲ್ಲೆಗಳಿದ್ದವು. ಕ್ಯಾಪ್ಟನ್ ಅಂಗೈಯಲ್ಲಿ ಮೂರನ್ನೂ ಹರಡಿಕೊಂಡು ನಂಬರು ನೋಡಿ ಹೆಸರು ಹೇಳಿದ. ಟೌನೊ ಹಾಪಲಾ. ನಜ್ಜಾರೆನೊ ಬ್ರೂನಿ. ಯಾಲ್ಮರ್ ಸುಂಡ್.

ಅತ್ತೆ ಮುಂದೆ ಹೋಗಿ ಆತನ ಅಂಗೈಯನ್ನು ತಿರುಗಿಸಿ ನೋಡಿದರು.

"ಇನ್ನೊಂದಿರ್ಬೇಕಲ್ಲ," ಎಂದರು. "ನಳಿಗೇಲಿ ಸಿಕ್ಕೊಂಡಿರ್ಬೇಕು, ನೋಡಪ್ಪ."

ಕ್ಯಾಪ್ಟನ್ ನಳಿಗೆಯನ್ನು ತಲೆಕೆಳಗೆ ಮಾಡಿ ತಟ್ಟಿ ತೋರಿಸಿದ. ಹಾಲಿನ ಹನಿಗಳು ಬಿದ್ದವು.

ಬ್ರೂನಿಯ ಹೆಂಡತಿ ಓಡಿ ಬಂದು ನನ್ನನ್ನು ತಬ್ಬಿಕೊಂಡು, ತಬ್ಬಿದ ಮೇಲೆ ನೆನಪಾಗಿ, ಕೈ ಬಿಟ್ಟು ನಿಂತಳು. ನಾನು ಅವಳ ಬೆನ್ನು ತಟ್ಟಿದೆ. ಆಮೇಲೆ ಏನು ಮಾಡಿದೆನೋ ನನಗೆ ಗೊತ್ತಿಲ್ಲ.

ಮನೆಗೆ ಬಂದು ಒಲೆ ಹಚ್ಚಿ ಇದನ್ನು ಬರೆಯುತ್ತಿದ್ದೇನೆ. ಆ ಮೂವರನ್ನು ಹೊರಗೆ ತರುವುದು ಹೇಗೆ? ದೊಡ್ಡ ಬಾವಿ ತೋಡಿದರೆ ಗಾಳಿ ಹೋಗುತ್ತದೆ. ತೋಡದಿದ್ದರೆ ಜನ್ಮವಿಡೀ ದಾರದಲ್ಲಿ ಹಾಲು ಇಳಿಸಬೇಕು. ಬರೆಯಿರಿ, ಭಾವ. ಸುಲೊ ಇಲ್ಲ ಎಂದು ನಿಲ್ಲಿಸಬೇಡಿ.

ಐಲಿ


ಮಿನೆಸೋಟ
ಅಕ್ಟೋಬರ್ 26

ಐಲಿ,

ಸುಲೊನ ವಿಷಯ ಈಗ ಬರೆಯಲು ಆಗುವುದಿಲ್ಲ. ನೀನು ಹೇಳಿದ ಹಾಗೆ ನಿಲ್ಲಿಸುವುದಿಲ್ಲ.

ದಾರಿ ಒಂದೇ. ಕಣಿವೆಯ ನೀರನ್ನೇ ಇಳಿಸಬೇಕು. ಕಾಂಕ್ರೀಟಿನ ಗೋಡೆಯಲ್ಲಿ ಕೊಳವೆ ಬಿಟ್ಟಿರುತ್ತಾರೆ. ಅದನ್ನು ತೆರೆದರೆ ನೀರು ಮರಳಿನಿಂದ ಸೋಸಿಕೊಂಡು ಬರುತ್ತದೆ, ಮರಳು ಹಿಂದೆ ಉಳಿಯುತ್ತದೆ. ಗಣಿಯ ಪಂಪುಗಳು ಅದನ್ನು ಮೇಲೆತ್ತಲಿ. ಹಾಗೆಯೇ ಇನ್ನೊಂದು ಕಡೆ ಬಂಡೆಯಲ್ಲಿ ಬಾವಿ ತೋಡುತ್ತಾ ಹೋಗಲಿ. ಕಣಿವೆಯ ನೀರು ಕಂಡಿಗಿಂತ ಕೆಳಗಿಳಿದ ದಿನ ಒಳಗಿನ ಗಾಳಿಗೆ ಒತ್ತಡವೇ ಇರುವುದಿಲ್ಲ, ಆಗ ಒಡೆದರೆ ಅಪಾಯವಿಲ್ಲ.

ಕಂಪನಿಯವರು ಒಂದು ಪ್ರಶ್ನೆ ಕೇಳುತ್ತಾರೆ. ಈ ಕಣಿವೆ ಎಲ್ಲೋ ದೊಡ್ಡ ಸರೋವರಕ್ಕೆ ಕೂಡಿಕೊಂಡಿದ್ದರೆ? ಆಗ ಪ್ರಳಯದವರೆಗೆ ಪಂಪು ಹೊಡೆದರೂ ಮುಗಿಯುವುದಿಲ್ಲ. ಅದಕ್ಕೆ ಉತ್ತರವನ್ನು ಬೇರೆ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಕಣಿವೆ ಉತ್ತರದಲ್ಲಿ ಸೌನಾ ಮನೆಯ ಹತ್ತಿರ, ದಕ್ಷಿಣದಲ್ಲಿ ಚರ್ಚಿನ ಹತ್ತಿರ ಮುಗಿಯುತ್ತದೆ, ದೋಣಿಯ ಹಾಗೆ ಎರಡು ಕಡೆಯೂ ಮುಚ್ಚಿಕೊಂಡಿದೆ, ಮೇಲೆ ಜೇಡಿಯ ಮುಚ್ಚಳ ಇರುವುದರಿಂದ ಮಳೆ ನೀರೂ ಬೇಗ ಇಳಿಯುವುದಿಲ್ಲ, ಆದ್ದರಿಂದ ಬರಿದಾಗುತ್ತದೆ ಎಂದು ಬರೆದಿದ್ದೇನೆ.

ನಿನಗೆ ಮಾತ್ರ ಹೇಳುತ್ತೇನೆ. ಅದನ್ನು ಕಣ್ಣಾರೆ ಕಂಡವನ ಹಾಗೆ ಬರೆದಿದ್ದೇನೆ. ಕಂಡಿಲ್ಲ. ಎರಡು ಕಡೆ ಕಂಡ ಬಂಡೆಯ ಆಧಾರದ ಮೇಲೆ ಒಂದು ಕಣಿವೆಯ ಎರಡೂ ತುದಿಗಳನ್ನು ಮುಚ್ಚಿದ್ದೇನೆ. ಇಂಥ ಕಣಿವೆಗಳು ಒಂದರೊಳಗೊಂದು ಕೊರೆದುಕೊಂಡಿರುವುದೂ ಉಂಟು. ಮಂಜು ಮತ್ತೆ ಬಂದು ಹಳೆಯ ಕಣಿವೆಗೆ ತುಂಬಿದ ಮರಳಿನೊಳಗೇ ಹೊಸದನ್ನು ಕೊರೆಯುತ್ತದೆ. ಪಕ್ಕದಲ್ಲಿ ಯಾವುದಾದರೂ ಟಿಸಿಲು ಹೊರಟಿದ್ದರೆ ನನಗೆ ತಿಳಿಯುವುದಿಲ್ಲ. ಸಂಶಯ ಬರೆದರೆ ಅವರು ಪಂಪು ಹಚ್ಚುವುದಿಲ್ಲ.

ಬಾವಿಗಳನ್ನು ನೋಡುತ್ತಿರು. ಕೊರ್ಪಿಯ ಬಾವಿ ಇಳಿದರೆ ನಾನು ಬರೆದದ್ದು ನಿಜ.

ವಿಲ್ಹೊ


ಸ್ಪ್ರೂಸ್ ಹಿಲ್
ನವೆಂಬರ್ 17

ಭಾವ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಮೂವರೂ ಮೇಲೆ ಬಂದಿದ್ದಾರೆ.

ಪಂಪು ಹಚ್ಚಿದ ಮೇಲೆ ಎಷ್ಟೋ ದಿನ ಏನೂ ಆಗಲಿಲ್ಲ. ಗಣಿಯಿಂದ ಹೊರಬಿದ್ದ ನೀರು ಕೇರಿಯ ಚರಂಡಿಯೆಲ್ಲಾ ತುಂಬಿ, ಮಂಜುಗಟ್ಟಿ, ಮಕ್ಕಳು ಅದರ ಮೇಲೆ ಜಾರಾಡಿದರು. ನಾನು ದಿನಾ ಕೊರ್ಪಿಯವರ ಬಾವಿಗೆ ಹಗ್ಗ ಇಳಿಸಿ ಒದ್ದೆಯಾದ ಗುರುತು ನೋಡುತ್ತಿದ್ದೆ. ಅಷ್ಟೇ ಇರುತ್ತಿತ್ತು. ಕಂಪನಿಯ ಮೇಲಧಿಕಾರಿ ಎರಡು ಸಲ ಪಂಪು ನಿಲ್ಲಿಸಲು ಹೇಳಿ ಕಳಿಸಿದ. ಎರಡು ಸಲವೂ ಪೆಂಗಲ್ಲಿ ಕೇಳಿಸದವನ ಹಾಗೆ ಇದ್ದ. ನೀವು ಬರೆದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ರಾತ್ರಿ ಮಲಗಿದರೆ ಅದೇ ಟಿಸಿಲು ಕಣ್ಣ ಮುಂದೆ ಬರುತ್ತಿತ್ತು.

ಒಂದು ಬೆಳಗ್ಗೆ ಸೈಮಾ ಕೊರ್ಪಿ ಖಾಲಿ ಬಕೆಟ್ಟು ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಏ ನೀರುಗಳ್ಳಿ," ಎಂದಳು. "ನನ್ ಬಾವೀಲಿ ಬಕೆಟ್ಟು ತಳದ ಮರಳಿಗೆ ಬಡೀತಿದೆ ಕಣೇ. ಹಸುಗಳಿಗೆ ಏನ್ ಕುಡಿಸ್ಲಿ ನಾನು?" ಅಷ್ಟು ಹೇಳಿ ಬಕೆಟ್ಟು ಕೆಳಗಿಟ್ಟು ಅತ್ತುಬಿಟ್ಟಳು. ನಾನು ಶಾಲೆಯ ಬಾವಿಗೆ ಓಡಿದೆ. ಅದೂ ಇಳಿದಿತ್ತು. ಅವತ್ತಿನಿಂದ ಕೇರಿಯವರೆಲ್ಲಾ ಹಿಮ ಕರಗಿಸಿ ಕಾಫಿ ಮಾಡಿದೆವು. ಒಬ್ಬರೂ ಗೊಣಗಲಿಲ್ಲ.

ಬಂಡೆಯ ಬಾವಿ ಕಂಡಿಯವರೆಗೆ ಬಂದು ಒಡೆದಾಗ ಗಾಳಿ ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲವಂತೆ. ಒಬ್ಬೊಬ್ಬರನ್ನೇ ಕಂಬಳಿ ಸುತ್ತಿ ಎತ್ತಿದರು. ಯಾಲ್ಮರನ ಪಾದಗಳು ಹೋಗಿವೆ, ಕತ್ತರಿಸಬೇಕಂತೆ. ಬೆಳಕಿಗೆ ಕಣ್ಣು ಬಿಡಲಾರದೆ ಟೌನೊ ಹಾಪಲಾ ಸ್ಟ್ರೆಚರ್ ಮೇಲೆ ಮಲಗಿಕೊಂಡೇ, ಸುಲೊನ ಹೆಂಡತಿ ಇದ್ದಾಳಾ ಎಂದು ಕೇಳಿದ. ಆಮೇಲೆ ಅವನು ಆಸ್ಪತ್ರೆಯಲ್ಲಿ ಹೇಳಿದ್ದು ಇದು.

ಮರಳು ಬಂದಾಗ ಮೂವರು ಅಲ್ಲೇ ತೀರಿಹೋದರು. ನಾಲ್ಕು ಜನ ಕಂಡಿಯ ಏಣಿ ಹತ್ತಿದರು. ಸುಲೊ ನಾಲ್ಕನೆಯವನು. ಗಾಳಿಯ ಕೊಳವೆ ಕಂಡಿಯ ಬುಡದಲ್ಲೇ ಮುಗಿಯುತ್ತಿತ್ತು, ಆ ಜಾಗ ಆಗಲೇ ಎದೆಯವರೆಗೆ ನೀರಿನಲ್ಲಿತ್ತು. ಕುಟ್ಟಬೇಕೆಂದರೆ ಇಳಿಯಬೇಕಿತ್ತು. ಸುಲೊ ಇಳಿದು ಕುಟ್ಟುವುದು, ಹತ್ತಿ ಬಂದು ನಡುಗುವುದು, ಮತ್ತೆ ಇಳಿಯುವುದು. ಉಳಿದವರು ಸರದಿ ಕೇಳಿದರೆ, ನೀವು ಮಕ್ಕಳಿರೋರು, ಸುಮ್ನಿರಿ ಎನ್ನುತ್ತಿದ್ದನಂತೆ. ಆಮೇಲೆ ನೀರು ಒಮ್ಮೆಲೇ ಏರಿತು. ಅವನು ಕೆಳಗಿದ್ದ.

ಗೋಡೆ ಕಟ್ಟಿದ್ದಕ್ಕೆ ನೀರು ಏರಿತಾ, ಅದಕ್ಕೂ ಮುಂಚೆಯೇ ಏರಿತಾ ಎಂದು ಕೇಳಿದೆ. ಟೌನೊ ಪಕ್ಕಕ್ಕೆ ಮುಖ ತಿರುಗಿಸಿದ. ಒಳಗೆ ಹಗಲೂ ಇಲ್ಲ ರಾತ್ರಿಯೂ ಇಲ್ಲ ಕಣಮ್ಮ, ನಾನೇನು ಹೇಳಲಿ ಎಂದ. ನಾನು ಮತ್ತೆ ಕೇಳಲಿಲ್ಲ. ಕ್ಯಾಪ್ಟನ್ ಪೆಂಗಲ್ಲಿ ಬಾಗಿಲ ಹೊರಗೆ ಟೋಪಿ ಹಿಡಿದು ನಿಂತಿದ್ದ. ಅವನಿಗೂ ಆ ಉತ್ತರ ಕೇಳಿಸಿತು.

ಅತ್ತೆಗೆ ಎಲ್ಲಾ ಹೇಳಿದೆ, ಗೋಡೆಯ ಮಾತೊಂದು ಬಿಟ್ಟು. ಅವರು ಹಿಟ್ಟು ನಾದುತ್ತಿದ್ದರು. ನಿಲ್ಲಿಸಲಿಲ್ಲ. ರೊಟ್ಟಿ ಬೇಯಿಸಿ, ಟೌನೊನ ಮನೆಗೆ ಕೊಟ್ಟು ಬಾ ಎಂದು ಕಳಿಸಿದರು.

ನೀವು ಬರೆದದ್ದು ನಿಜವಾಯಿತು ಭಾವ. ದೋಣಿ ಮುಚ್ಚಿಕೊಂಡೇ ಇತ್ತು.

ಐಲಿ


ಮಿನೆಸೋಟ
ಡಿಸೆಂಬರ್ 5

ಶ್ರೀಮತಿ ಐಲಿ ರಾಂಟಾ ಅವರಿಗೆ,

ಶ್ರೀ ವಿಲ್ಹೊ ರಾಂಟಾ ಅವರ ಪರವಾಗಿ ನಾನು, ಈ ವಾರ್ಡಿನ ದಾದಿ, ಬರೆಯುತ್ತಿದ್ದೇನೆ. ನವೆಂಬರ್ ಕೊನೆಯಲ್ಲಿ ಅವರಿಗೆ ಕೆಮ್ಮಿನಲ್ಲಿ ರಕ್ತ ಬಿತ್ತು. ಈಗ ನಿಂತಿದೆ. ಮಾತಾಡಕೂಡದು, ಕೈ ಎತ್ತಕೂಡದು ಎಂದು ಡಾಕ್ಟರರ ಅಪ್ಪಣೆ. ನಿಮ್ಮ ಪತ್ರವನ್ನು ಅವರಿಗೆ ಓದಿಸಿ ಕೇಳಿಸಿದೆ. ನನಗೆ ನಿಮ್ಮ ಭಾಷೆ ಬರುವುದಿಲ್ಲವಾದ್ದರಿಂದ ಪಕ್ಕದ ಹಾಸಿಗೆಯ ಫಿನ್ನಿಷ್ ರೋಗಿ ಓದಿ ಹೇಳಿದರು.

ಅವರು ಬೆರಳಿನಿಂದ ಅಕ್ಷರ ತೋರಿಸಿ ಒಂದೇ ಮಾತು ಬರೆಯಿಸಿದರು. "ನಾಲ್ಕನೆಯವನು ನಾನಾಗಬೇಕಿತ್ತು."

ಇದನ್ನು ಕಳಿಸಬೇಕೇ ಎಂದು ನಾನು ಎರಡು ಸಲ ಕೇಳಿದೆ. ಕಳಿಸು ಎಂದು ಕಣ್ಣಲ್ಲೇ ಹೇಳಿದರು. ಮನೆಯವರು ಯಾರಾದರೂ ಬರುವುದಿದ್ದರೆ ತಡಮಾಡುವುದು ಒಳ್ಳೆಯದಲ್ಲ.

ತಮ್ಮ ವಿಶ್ವಾಸಿ,
ಎಸ್. ಹಾಲ್ವರ್ಸನ್


ಸ್ಪ್ರೂಸ್ ಹಿಲ್
ಜನವರಿ 20, 1924

ಭಾವ,

ನೀವು ಉತ್ತರ ಬರೆಯಬೇಡಿ. ಇದನ್ನು ಓದಿಸಿಕೊಳ್ಳಿ ಸಾಕು.

ಮೂವರು ಹೊರಬಂದ ಮೇಲೆ ಕಂಪನಿಯವರು ಗೋಡೆಯ ಕೊಳವೆ ಮುಚ್ಚಿ ಪಂಪು ನಿಲ್ಲಿಸಿದರು. ಉಳಿದ ನಾಲ್ವರನ್ನು ತೆಗೆಯಲು ಆಗುವುದಿಲ್ಲ, ಮರಳು ತೆಗೆದಷ್ಟೂ ಬರುತ್ತದೆ ಎಂದರು. ಅದು ಸುಳ್ಳಲ್ಲ ಎಂದು ನಿಮ್ಮ ಪತ್ರಗಳನ್ನು ಓದಿದ ನನಗೆ ಗೊತ್ತು. ಪೂರ್ವದ ಸುರಂಗವನ್ನು ಕೈಬಿಟ್ಟಿದ್ದಾರೆ. ಪೆಂಗಲ್ಲಿ ಕೆಲಸ ಬಿಟ್ಟು ಮಗಳ ಊರಿಗೆ ಹೋದ. ಹೋಗುವ ದಿನ ನಮ್ಮ ಮನೆಯ ಗೇಟಿನವರೆಗೆ ಬಂದು, ಒಳಗೆ ಬಾರದೆ, ಹಿಂದಿರುಗಿ ಹೋದ.

ಕಣಿವೆ ಮತ್ತೆ ತುಂಬುತ್ತಿದೆ. ಮೊನ್ನೆ ಸೈಮಾ ಬಂದು ಬಾವಿಗೆ ನೀರು ಬಂತು ಎಂದು ಹೇಳಿದಳು. ಹೇಳುವಾಗ ತಪ್ಪು ಮಾಡಿದವಳ ಹಾಗೆ ಏಪ್ರನ್ನಿನ ಅಂಚಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ನೀರು ಏರಿದೆ ಎಂದರೆ ಅವನಿರುವಲ್ಲೂ ಏರಿದೆ ಎಂದು ಅವಳಿಗೂ ಹೊಳೆದಿತ್ತು. ಒಳ್ಳೇದಾಯ್ತು ಸೈಮಾ, ಹಸುಗಳಿಗೆ ಕುಡಿಸು ಎಂದೆ. ಅವಳು ಹೋದ ಮೇಲೆ ಹಾಸಿಗೆಯ ಮೇಲೆ ಬೋರಲು ಬಿದ್ದೆ.

ದಾದಿಯ ಪತ್ರವನ್ನು ಅತ್ತೆಗೆ ತೋರಿಸಿದ್ದೇನೆ. ನೀವು ಬೇಡ ಎಂದಿದ್ದಿರಿ. ನಿಮ್ಮ ಮಾತು ಮೀರಿದೆ. ಇಬ್ಬರು ಮಕ್ಕಳ ವಿಷಯವನ್ನೂ ಮುಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಅವರ ಎದುರು ಕೂತು ಉಣ್ಣಲು ನನ್ನಿಂದ ಆಗಲಿಲ್ಲ. ಅವರು ನನ್ನಿಂದ ಓದಿಸಿಕೊಂಡು, ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಇವತ್ತಿಗೂ ಆ ಬಗ್ಗೆ ಒಂದು ಮಾತಾಡಿಲ್ಲ.

ಐಲಿ


ಸ್ಪ್ರೂಸ್ ಹಿಲ್
ಫೆಬ್ರವರಿ 3

ವಿಲ್ಹೊ,

ನಿನಗೆ ಬರೆದು ಆರು ವರ್ಷವಾಯಿತು. ಕೈ ಹೊಂದುತ್ತಿಲ್ಲ.

ನೀನು ಕಾಲೇಜಿಗೆ ಹೊರಟಾಗ ನಿನ್ನ ತಮ್ಮ ನಿನ್ನ ಬದಲು ಗಣಿಗೆ ಇಳಿದ. ಆ ದಿನ, ಇಳಿಯಬೇಕಾದವನು ನೀನು ಎಂದು ನಾನು ಆಡಿದ ಮಾತು ನಿನಗೆ ನೆನಪಿದೆ, ಅದಕ್ಕೇ ದಾದಿಯ ಹತ್ತಿರ ಹಾಗೆ ಬರೆಯಿಸಿದ್ದೀಯ. ಆ ಕಾಗದವನ್ನು ಬೆಂಕಿಗೆ ಹಾಕಿದೆ. ಇನ್ನೊಂದು ಸಲ ಹಾಗೆ ಬರೆಯಬೇಡ. ನನಗೆ ಇದ್ದದ್ದು ಇಬ್ಬರು. ಇವನ ಬದಲು ಅವನು ಎಂದು ಯಾವ ತಾಯಿಯೂ ಲೆಕ್ಕ ಹಾಕುವುದಿಲ್ಲ. ನಾನು ಬರೀ ಬಾಯಲ್ಲಿ ಆ ಲೆಕ್ಕ ಹಾಕಿದೆ, ಅಷ್ಟೇ.

ಹೋದ ಭಾನುವಾರ ಪಾದ್ರಿಗಳು ಕೊರ್ಪಿಯ ಹೊಲದಲ್ಲಿ ಪ್ರಾರ್ಥನೆ ಓದಿದರು. ಹಿಮ ಮೊಣಕಾಲಿನವರೆಗೆ. ಎಲ್ಲಿ ನಿಲ್ಲಬೇಕು ಎಂದು ಯಾರಿಗೂ ಗೊತ್ತಾಗಲಿಲ್ಲ. ಐಲಿ ಮುಂದೆ ಹೋಗಿ, ಕೆಳಗಿನ ಸುರಂಗ ಈ ಬೇಲಿಯಿಂದ ಆ ಬರ್ಚ್ ಮರದವರೆಗೆ ಎಂದು ನಡೆದು ತೋರಿಸಿದಳು. ಅವಳ ಹೆಜ್ಜೆಯ ಗುರುತಿನ ಮೇಲೆ ನಾವು ಸಾಲಾಗಿ ನಿಂತೆವು. ನಾಲ್ಕು ಮನೆಯವರು. ಬದುಕಿ ಬಂದ ಮೂವರ ಮನೆಯವರೂ ಬಂದಿದ್ದರು, ಸ್ವಲ್ಪ ದೂರದಲ್ಲಿ. ನಾನೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ.

ಗೋಡೆಯ ಬಗ್ಗೆ ಐಲಿ ನನಗೆ ಹೇಳಿಲ್ಲ. ಹೇಳದೆ ಬಿಟ್ಟದ್ದು ಏನು ಎಂದು ತಿಳಿಯದಷ್ಟು ಮುದುಕಿ ನಾನಲ್ಲ. ಅವಳು ಹೇಳಿಲ್ಲವಾದ್ದರಿಂದ ನಾನೂ ಕೇಳಿಲ್ಲ.

ಶನಿವಾರದ ರೈಲಿಗೆ ನಿನ್ನಲ್ಲಿಗೆ ಹೊರಡುತ್ತೇನೆ. ಐಲಿ ತನ್ನ ಅಕ್ಕನ ಮನೆಗೆ ಹೋಗುತ್ತಾಳೆ, ಬೇಡವೆಂದರೂ ಸ್ಟೇಷನ್ನಿಗೆ ಬರುತ್ತಾಳಂತೆ. ಆ ದಾದಿಗೆ ಪಾದ್ರಿಗಳಿಂದ ಇಂಗ್ಲಿಷಿನಲ್ಲಿ ಬರೆಯಿಸಿದ್ದೆ. ಅಲ್ಲಿಯ ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸ ಇದೆಯಂತೆ, ಹಿಂದಿನ ಕೋಣೆಯಲ್ಲಿ ಮಲಗಲು ಜಾಗವೂ ಇದೆಯಂತೆ. ಮರಳಿ ಬರುವ ಟಿಕೆಟ್ ತೆಗೆಸಿಲ್ಲ. ಎಷ್ಟು ದಿನ ಎಂದು ಯಾರೂ ನನಗೆ ಹೇಳಬೇಕಾಗಿಲ್ಲ.

ನೀನು ಮಾತಾಡಕೂಡದಂತೆ. ಸರಿ, ಮಾತಾಡಬೇಡ. ನನ್ನನ್ನು ನೋಡಿ ಏಳಲು ಹೋಗಬೇಡ. ಒಬ್ಬನನ್ನು ಅಗೆದು ತೆಗೆಯಲು ಆಗಲಿಲ್ಲ. ನಿನ್ನ ಪಕ್ಕದಲ್ಲಿ ಕೂರಲು ಯಾರ ಅಪ್ಪಣೆಯೂ ನನಗೆ ಬೇಡ. ಜಗುಲಿಯಲ್ಲಿ ಹಾಸಿಗೆ ಸಾಲಾಗಿವೆಯಂತೆ, ಎಲ್ಲರೂ ಒಂದೇ ಬಣ್ಣದ ಹೊದಿಕೆ ಹೊದ್ದಿರುತ್ತಾರಂತೆ. ಆರು ವರ್ಷದಲ್ಲಿ ನಿನ್ನ ಮುಖ ಎಷ್ಟು ಬದಲಾಗಿದೆಯೋ ಗೊತ್ತಿಲ್ಲ. ಬಾಗಿಲಿನಿಂದ ಎಷ್ಟನೆಯ ಹಾಸಿಗೆ ನಿನ್ನದು ಎಂದು ದಾದಿಯಿಂದ ಒಂದು ಸಾಲು ಬರೆಯಿಸು. ಹುಡುಕುತ್ತಾ ನಿಲ್ಲಲು ನನಗೆ ಇನ್ನು ಶಕ್ತಿಯಿಲ್ಲ.

ಅಮ್ಮ